ಎಂಟನೆಯ ಪಾಠಕ್ಕೆ ಮೂವತ್ತೆಂಟು

ಲಿಂಗಸುಗೂರಿನಿಂದ ಬೆಳಗಿನ ಎಂಟಕ್ಕೆ ಹೊರಟ ಸಿಂಧನೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದ ಗುರುಬಸವನಿಗೆ, ತನ್ನ ತೊಡೆಯ ಮೇಲಿನ ಚೀಲ ಬೇರೆ ಯಾರದೋ ಅನ್ನಿಸುತ್ತಿತ್ತು. ನಿಂತಿದ್ದ ಯಾರೋ ಒಬ್ಬರು ಸ್ವಲ್ಪ ಹಿಡಿದಿರಿ ಎಂದು ಕೊಟ್ಟು, ನಡುವಿನ ಊರಿನಲ್ಲಿ ಮರೆತು ಇಳಿದುಹೋಗಿ, ಈಗ ಅದನ್ನು ಎಲ್ಲಿ ಇಳಿಸಬೇಕೆಂಬುದು ತಿಳಿಯದೆ ತಾನು ಹೊತ್ತು ಸಾಗುತ್ತಿರುವ ಹಾಗೆ. ಚೀಲದಲ್ಲಿ ಬುತ್ತಿಯ ಡಬ್ಬಿಯನ್ನು ಬಿಟ್ಟರೆ ಇದ್ದದ್ದು ಒಂದೇ ಹಾಳೆ. ನಿನ್ನೆ ಸಂಜೆ ಬಸ್‌ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಅವನೇ ಟೈಪ್ ಮಾಡಿಸಿದ್ದು. ‘ಸಹಶಿಕ್ಷಕಿ ಮೆಹರಬಾನು ಆದ ನಾನು, ಜನವರಿ ತಿಂಗಳ ಕೊನೆಯ ದಿನದಂದು ಕಣ್ತಪ್ಪಿನಿಂದ ಬೇರೊಂದು ವಿಡಿಯೊವನ್ನು ಸಲ್ಲಿಸಿರುತ್ತೇನೆ. ಸದರಿ ವಿಡಿಯೊ ಮೌಲ್ಯಮಾಪನಕ್ಕೆಂದು ಮಾಡಿದ ಪಾಠವಾಗಿರುವುದಿಲ್ಲ. ಅದನ್ನು ಅಳಿಸಿ, ಇನ್ನೊಂದು ಅವಕಾಶ ನೀಡಬೇಕೆಂದು ವಿನಂತಿ.’ ಕೆಳಗೆ ಸಹಿಗೆ ಒಂದು ಗೆರೆ. ಆ ಗೆರೆಯ ಮೇಲೆ ಅವಳ ಕೈಯಿಂದ ಎರಡು ಅಕ್ಷರ ಬಿದ್ದರೆ ಎಲ್ಲವೂ ಸರಿಹೋಗುತ್ತದೆ. ಸರಿಹೋಗುತ್ತದೆ ಎಂದು ಅವನು ನಿನ್ನೆಯಿಂದ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ, ಆ ಮಾತು ಅರ್ಥ ಸವೆದು, ಬರಿಯ ನಾಲಿಗೆಯ ಅಭ್ಯಾಸವಾಗಿ ಉಳಿದಿತ್ತು.

ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದವನೆಂಬ ಕಾರಣಕ್ಕೆ ಕಳೆದ ಜೂನ್‌ನಲ್ಲಿ ಅವನನ್ನು ಆರು ಮಂದಿ ಹೊಸ ಶಿಕ್ಷಕರಿಗೆ ಮಾರ್ಗದರ್ಶಿಯನ್ನಾಗಿ ಮಾಡಿದ್ದರು. ಆರು ಮಂದಿಯೂ ಮೂರು ತಾಲ್ಲೂಕುಗಳ ಮೂಲೆಮೂಲೆಯಲ್ಲಿದ್ದರು. ಪ್ರತಿಯೊಬ್ಬರೂ ತಿಂಗಳಿಗೆ ಇಪ್ಪತ್ತು ನಿಮಿಷದ ಒಂದು ಪಾಠವನ್ನು ಮೊಬೈಲಿನಲ್ಲಿ ಚಿತ್ರಿಸಿ ಆ್ಯಪಿಗೆ ಏರಿಸಬೇಕು. ಗುರುಬಸವ ಅದನ್ನು ನೋಡಿ, ವೃತ್ತಿಯ ಮಾನದಂಡಗಳು ಎಂಬ ಪಟ್ಟಿಯ ಪ್ರಕಾರ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಕೆಳಗೆ ಎರಡು ಸಾಲು ಸಲಹೆ ಬರೆಯಬೇಕು. ಕೊನೆಯದಾದ ಎಂಟನೆಯ ಪಾಠಕ್ಕೆ ಐವತ್ತು ಬಾರದವರ ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಐದು ಮಂದಿ ದಾಟಿದ್ದರು. ಮೆಹರಬಾನುವಿಗೆ ಅವನು ಮೂವತ್ತೆಂಟು ಕೊಟ್ಟಿದ್ದ. ಒಮ್ಮೆ ಒತ್ತಿದ ಮೇಲೆ ಆ ಅಂಕೆ ಕದಲುವುದಿಲ್ಲ. ಅವನ ಹೆಬ್ಬೆರಳೇ ಅದನ್ನು ಒತ್ತಿತ್ತು, ಇದೇ ಬಸ್ಸಿನಂಥ ಒಂದು ಬಸ್ಸಿನಲ್ಲಿ, ಇಂಥದೇ ಕಿಟಕಿಯ ಪಕ್ಕದಲ್ಲಿ.

ಮೊದಲ ತಿಂಗಳು ಅವನು ಶ್ರದ್ಧೆಯಿಂದಲೇ ನೋಡಿದ್ದ. ಎರಡನೆಯ ತಿಂಗಳಿಗೆ ಹೆಡ್‌ಫೋನು ಒಂದು ಕಿವಿಯಲ್ಲಿ ಸತ್ತಿತು. ಬಸ್ಸಿನಲ್ಲಿ ಗಟ್ಟಿಯಾಗಿ ಹಚ್ಚಿದರೆ ಪಕ್ಕದವರು ತಿರುಗಿ ನೋಡುತ್ತಾರೆಂದು ಧ್ವನಿ ಮುಚ್ಚಿ ನೋಡಿದ. ಧ್ವನಿ ಇಲ್ಲದಿದ್ದರೆ ನಿಧಾನವೇಕೆ ಎಂದು ವೇಗವನ್ನು ಇಮ್ಮಡಿ ಮಾಡಿದ. ಆ ವೇಗದಲ್ಲಿ ಎಲ್ಲ ಶಿಕ್ಷಕರೂ ಒಂದೇ ಥರ ಕಾಣುತ್ತಿದ್ದರು: ಕೈ ಎತ್ತುವುದು, ಇಳಿಸುವುದು, ಹಲಗೆಗೆ ತಿರುಗುವುದು, ಮಕ್ಕಳು ಗಾಳಿಗೆ ಸಿಕ್ಕ ತೆನೆಗಳ ಹಾಗೆ ಎದ್ದು ಕೂರುವುದು. ಸಲಹೆಗೆಂದು ಅವನು ಹದಿನಾಲ್ಕು ವಾಕ್ಯಗಳನ್ನು ಬರೆದು ಮೊಬೈಲಿನಲ್ಲಿಯೇ ಇಟ್ಟುಕೊಂಡಿದ್ದ. ಒಳ್ಳೆಯ ಕನ್ನಡದ ವಾಕ್ಯಗಳು; ಬರೆದ ದಿನ ಹೆಮ್ಮೆಯೂ ಆಗಿತ್ತು. ಒಬ್ಬರಿಗೆ ಕೊಟ್ಟದ್ದು ಮುಂದಿನ ತಿಂಗಳು ಇನ್ನೊಬ್ಬರಿಗೆ ಹೋಗುವಂತೆ ಅವುಗಳನ್ನೇ ಹಂಚುತ್ತಿದ್ದ. ಅದು ಮೋಸ ಎಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ. ದಣಿವು ಅನ್ನಿಸಿತ್ತು. ದಣಿವು ಎಷ್ಟು ಗೌರವಸ್ಥ ಮುಖ ಹೊತ್ತು ಬರುತ್ತದೆಂದರೆ, ಅದನ್ನು ಬಾಗಿಲಲ್ಲಿ ತಡೆದು ಹೆಸರು ಕೇಳಲು ಯಾರಿಗೂ ಮನಸ್ಸಾಗುವುದಿಲ್ಲ.

ಕಡಿಮೆ ಅಂಕ ಕೊಟ್ಟವರು ಕಾರಣವನ್ನು ವಿವರವಾಗಿ ಬರೆಯಬೇಕೆಂದು ಕಚೇರಿಯಿಂದ ಸೂಚನೆ ಬಂದದ್ದು ಮೊನ್ನೆ. ಬರೆಯಲು ಏನಾದರೂ ಸಿಕ್ಕೀತೆಂದು ಅವನು ಅಂಗಳದ ಕಟ್ಟೆಯ ಮೇಲೆ ಕುಳಿತು ಆ ಪಾಠವನ್ನು ಇನ್ನೊಮ್ಮೆ ತೆರೆದ. ಮನೆಯಲ್ಲವೇ, ಧ್ವನಿ ಬಿಟ್ಟಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ವೀರಭದ್ರಮ್ಮನ ಕೈಯ ಸಪ್ಪಳ ತಟ್ಟನೆ ನಿಂತಿತು.

“ಯಾರು ಸತ್ತಾರ್ರೀ ಆ ಸಾಲ್ಯಾಗ?” ಎಂದಳು ಅವಳು, ಅಲ್ಲಿಂದಲೇ.

“ಯಾರೂ ಸತ್ತಿಲ್ಲ. ಪಾಠ ಅದು. ಗಣಿತ.”

“ಗಣಿತ ಇರಲಿ. ಆ ಹುಡುಗಿ ದನಿ ಕೇಳ್ರಿ. ಯಾರೋ ಹೋಗ್ಯಾರ ಆಕೀಗೆ.”

ಅವನು ಕೇಳಿದ. ಹಾಜರಿ ಕರೆಯುತ್ತಿದ್ದಳು ಮೆಹರಬಾನು. ಒಂದೊಂದೇ ಹೆಸರು, ಒಂದೊಂದೇ ‘ಹಾಜರ್ರೀ ಟೀಚರ್’. ಏಳನೆಯದೋ ಎಂಟನೆಯದೋ ಆಗಿ ‘ಅಶ್ವಿನಿ’ ಎಂದಳು, ಅಭ್ಯಾಸದ ಬಲದಿಂದ. ಹೊರಗೆ ಎಲ್ಲೋ ಟ್ರ್ಯಾಕ್ಟರು ಹಾದುಹೋದದ್ದು ಕೇಳಿಸಿತು. ಆಮೇಲೆ ಒಂದು ಮಗು, ತಪ್ಪುತ್ತರ ಕೊಟ್ಟವರ ಸಣ್ಣ ದನಿಯಲ್ಲಿ, “ಆಕಿ ಇಲ್ರೀ ಟೀಚರ್, ನಿನ್ನಿ...” ಎಂದು ನಿಲ್ಲಿಸಿತು. ಅಲ್ಲಿ ಮೆಹರಬಾನು ಹಲಗೆಯ ಕಡೆ ತಿರುಗಿದ್ದಳು. ಒಂದು ನಿಮಿಷ ನಲವತ್ತು ಸೆಕೆಂಡು ತಿರುಗಿಯೇ ಇದ್ದಳು. ಇದೇ ಜಾಗಕ್ಕೆ ಅವನು ಬರೆದಿದ್ದ: ‘ಶಿಕ್ಷಕಿ ಬಹಳ ಹೊತ್ತು ಮಕ್ಕಳಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ತರಗತಿಯಲ್ಲಿ ಲವಲವಿಕೆ ಇಲ್ಲ. ಶಿಕ್ಷಕಿ ನಗುಮುಖದಿಂದಿರುವುದು ಅಗತ್ಯ.’ ಮೊದಲನೆಯ ವಾಕ್ಯವನ್ನು ಅವನು ಹೊಸದಾಗಿ ಬರೆದಿದ್ದ. ಉಳಿದೆರಡು ಹದಿನಾಲ್ಕರಲ್ಲಿದ್ದವು.

ಅದು ಅಷ್ಟಕ್ಕೇ ನಿಂತಿದ್ದರೆ ಅವನು ಈ ಬಸ್ಸು ಹತ್ತುತ್ತಿರಲಿಲ್ಲವೇನೋ. ಗಾಬರಿಯಿಂದ ಅವನು ಅವಳೊಂದಿಗಿನ ವಾಟ್ಸಪ್ಪನ್ನು ಹಿಂದಕ್ಕೆ ಜಾರಿಸುತ್ತ ಹೋಗಿದ್ದ. ಆ ದಿನ ಬೆಳಿಗ್ಗೆ ಏಳೂಕಾಲಿಗೆ ಅವಳ ನಲವತ್ತು ಸೆಕೆಂಡಿನ ಧ್ವನಿಸಂದೇಶವೊಂದು ಬಂದಿತ್ತು. ಎರಡು ವಾರವಾದರೂ ಅದರ ಪಕ್ಕದ ಚಿಕ್ಕ ಗುರುತು ಅವನ ಮೊಬೈಲಿನಲ್ಲಿ ಹಸಿರಾಗಿಯೇ ಇತ್ತು, ಕೇಳಿಲ್ಲ ಎಂಬುದಕ್ಕೆ. ಅದರ ಕೆಳಗೇ, ಏಳೂವರೆಗೆ, ಅವನ ಉತ್ತರ: ‘ಇಂದೇ ಕೊನೆಯ ದಿನ. ಯಾವುದೇ ನೆಪ ಬೇಡ.’ ಅದು ಉತ್ತರವಾಗಿರಲೇ ಇಲ್ಲ. ಆರೂ ಮಂದಿಗೆ ಒಟ್ಟಿಗೆ ಕಳಿಸಿದ್ದ ನೆನಪೋಲೆ. ಆದರೆ ಅವಳ ಕಡೆಯಿಂದ ನೋಡಿದರೆ ಅದು ಉತ್ತರವೇ. ಅವನು ಗುರುತನ್ನು ಒತ್ತಿದ. “ಸರ್, ನಮಸ್ಕಾರ್ರಿ. ನಾಲ್ಕನೇ ಕ್ಲಾಸಿನ ಅಶ್ವಿನಿ ಅಂತ ಸರ್, ಮೂರು ದಿನ ಜ್ವರ ಬಂದು, ರಾತ್ರಿ ಹೋಗಿಬಿಟ್ಳ್ರಿ. ರಾಯಚೂರಿಗೆ ಒಯ್ಯಾಕತ್ತಿದ್ರು, ದಾರ್‍ಯಾಗ... ಇವತ್ತು ವಿಡಿಯೊ ಮಾಡಾಕ ಆಗಂಗಿಲ್ರಿ ಸರ್. ನಾಳೆ ಕಳಿಸ್ಲೇನ್ರಿ? ನೀವು ಹೂಂ ಅಂದ್ರ ಸಾಕು.” ಹೂಂ ಎಂಬುದು ಎಷ್ಟು ಸಣ್ಣ ಶಬ್ದ. ಅದನ್ನು ಅವನು ದಿನಕ್ಕೆ ನೂರು ಸಲ ಹೆಂಡತಿಗೆ, ತರಕಾರಿಯವಳಿಗೆ, ಕಂಡಕ್ಟರನಿಗೆ ಹೇಳುತ್ತಿದ್ದ.

ಕೂಡಲೇ ಯೋಜನೆಯ ಸಂಯೋಜಕ ಸಿದ್ದಲಿಂಗೇಶನಿಗೆ ಫೋನು ಮಾಡಿ, ತಾನು ಪಾಠವನ್ನು ಸರಿಯಾಗಿ ನೋಡಿಲ್ಲ, ಹಾಗೆಂದು ಬರೆದುಕೊಡುತ್ತೇನೆ, ಅಂಕ ರದ್ದು ಮಾಡಿ ಎಂದಿದ್ದ. ಆ ಕಡೆಯಿಂದ ಮೊದಲು ನಗು ಬಂತು.

“ಸರ್ರ, ಪುಣ್ಯಾತ್ಮರಿದ್ದೀರಿ ನೀವು! ನೋಡಿಲ್ಲ ಅಂತ ಬರಕೊಟ್ರ ಆಕೀದೊಂದೇ ರದ್ದು ಆಗ್ತದಂತ ತಿಳಿದೀರೇನು? ನೀವು ನೋಡಿದ್ದೆಲ್ಲಾ ರದ್ದು. ಆರು ಮಂದೀದು, ಎಂಟೆಂಟು ಪಾಠ. ನಿಮ್ಮದಿರಲಿ, ನಿಮಗಿನ್ನ ನಾಲ್ಕು ವರ್ಷ ಸರ್ವೀಸು. ಆ ಹುಡುಗ್ರು ಏನು ಪಾಪ ಮಾಡ್ಯಾರ?”

“ಮತ್ತ ಆಕೀ ಗತಿ?”

“ಆಕೀ ಕಡಿಂದ ಒಂದು ಬರಸ್ಕೊಂಡು ಬರ್‍ರಿ. ತಪ್ಪು ವಿಡಿಯೊ ಹಾಕೀನಿ ಅಂತ. ಎಲ್ಲಾರ ಕೈಲೂ ಆಗ್ತಿರ್ತದ ಅದು. ನಾ ಅದನ್ನ ತಗದು ಮತ್ತ ಓಪನ್ ಮಾಡಿ ಕೊಡ್ತೀನಿ. ಯಾರಿಗೂ ಏನೂ ಆಗಂಗಿಲ್ಲ.”

ಯಾರಿಗೂ ಏನೂ ಆಗುವುದಿಲ್ಲ. ಕಿಟಕಿಯಾಚೆ ಬಿಳಿಜೋಳದ ತೆನೆಗಳು ಕೊಯ್ಲಿಗೆ ಬಂದು ತಲೆಬಾಗಿ ನಿಂತಿದ್ದವು. ಬಸ್ಸು ಮಸ್ಕಿಗೆ ಬಂದಾಗ ಕಂಡಕ್ಟರು, “ಹತ್ತು ನಿಮಿಷ ಐತಿ, ಚಾ ಕುಡಿಯೋರು ಕುಡೀರಿ, ಆಮ್ಯಾಲೆ ಬಸ್ ಬಿಟ್ಟು ಹೋತು ಅಂತ ನನ್ನ ಹೆಸರಿಲೆ ಅಳಬ್ಯಾಡ್ರಿ” ಎಂದು ಕೂಗಿದ. ಗುರುಬಸವ ಇಳಿದು, ಗುಡ್ಡದ ನೆರಳು ಇನ್ನೂ ಬಿಡದ ಅಂಗಡಿಯೊಂದರ ಮುಂದೆ ಒಗ್ಗರಣಿ ಹಾಕಿದ ಮಂಡಕ್ಕಿ, ಮಿರ್ಚಿ ಬಜ್ಜಿಯ ತಟ್ಟೆ ಹಿಡಿದು ನಿಂತ. ತಿನ್ನಲಾಗಲಿಲ್ಲ. ಇಂಥದೇ ಅಂಗಡಿಯಲ್ಲಿ, ಮೂವತ್ತೆರಡು ವರ್ಷಗಳ ಹಿಂದೆ, ಸಾಲಗುಂದದ ಶಾಲೆಯಲ್ಲಿ ಮೊದಲ ವರ್ಷದ ಮಾಸ್ತರನಾಗಿದ್ದಾಗ, ಅವನು ಸಂತೋಷಕ್ಕೆ ನಾಲ್ಕು ಮಂದಿಗೆ ಮಿರ್ಚಿ ತಿನ್ನಿಸಿದ್ದ. ಅಂದು ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದು ಅವನ ತರಗತಿಯ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಅವನು ಗಂಟಲು ಹರಿಯುವಂತೆ ಸೂರ್ಯಗ್ರಹಣದ ಪಾಠ ಮಾಡಿದ್ದ, ಒಂದು ಬುಗುರಿ, ಒಂದು ನಿಂಬೆಹಣ್ಣು, ಒಂದು ದೀಪ ಇಟ್ಟುಕೊಂಡು. ಸಾಹೇಬರು ಇಡೀ ಹೊತ್ತು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಓದಿದರು. ಕೊನೆಗೆ ಎದ್ದು, ಪುಸ್ತಕದಲ್ಲಿ ‘ಪಾಠ ಬಹಳ ಪರಿಣಾಮಕಾರಿ’ ಎಂದು ಬರೆದು ಹೋದರು. ಪತ್ರಿಕೆ ಇದ್ದದ್ದು ಅವನಿಗೆ ಕಾಣಲಿಲ್ಲವೇ? ಕಂಡಿತ್ತು. ಕಂಡೂ ಸಂತೋಷಪಟ್ಟಿದ್ದ. ಆ ಸಾಲನ್ನು ಎಷ್ಟೋ ದಿನ ಒಳಗೇ ಓದಿಕೊಂಡು, ಅದಕ್ಕೆ ತಕ್ಕವನಾಗಬೇಕೆಂದು ಹೆಣಗಿದ್ದ. ಈಗ ನೆನೆದರೆ ಸಾಹೇಬರ ಮುಖ ನೆನಪಾಗುವುದಿಲ್ಲ. ಪತ್ರಿಕೆಯೇ ಮುಖವಾಗಿ ನಿಲ್ಲುತ್ತದೆ. ಕಂಡಕ್ಟರನ ಸೀಟಿ ಕೇಳಿಸಿತು. ತಟ್ಟೆಯನ್ನು ಹಾಗೆಯೇ ಇಟ್ಟು ಅವನು ಓಡಿದ, ಓಡುವ ವಯಸ್ಸಲ್ಲದವನ ಓಟ. ಬಾಗಿಲಲ್ಲಿ ನಿಂತಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಅವಳಿಗೆ ಏನೆಂದು ಹೇಳುವುದು? ಇದೊಂದೇ ಪ್ರಶ್ನೆ ಮಸ್ಕಿಯಿಂದ ಮುಂದಕ್ಕೆ ಅವನ ಜೊತೆ ಕುಳಿತು ಬಂತು. ಅವಳ ಪಾಲಿಗೆ ಅವನು, ಒಂದು ಮಗು ಸತ್ತಿದೆ ಎಂಬುದನ್ನು ಕೇಳಿಸಿಕೊಂಡು ಅದನ್ನು ನೆಪ ಎಂದವನು. ಆಮೇಲೆ ಆ ಪಾಠವನ್ನೂ ಕೇಳಿ, ನಗಬೇಕಿತ್ತು ಎಂದವನು. ಕ್ರೂರಿ. ಹಾಗಲ್ಲವೆಂದು ಹೇಳಲು ಅವನಿಗಿದ್ದ ದಾರಿ ಒಂದೇ: ನಾನು ಕೇಳಿಯೇ ಇರಲಿಲ್ಲ ಎನ್ನುವುದು. ಕೇಳದೆ ಏಳು ತಿಂಗಳು ಗುರುವಾಗಿದ್ದೆ ಎನ್ನುವುದು. ಕ್ರೂರಿಯಾಗಿ ಉಳಿಯುವುದೋ, ಖೋಟಾ ಮನುಷ್ಯನಾಗಿ ಕರಗುವುದೋ? ಕ್ರೌರ್ಯಕ್ಕಾದರೂ ಒಂದು ಬೆನ್ನೆಲುಬಿದೆ. ಕಠಿಣ ಮಾಸ್ತರು ಎಂದು ಜನ ಗೌರವಿಸುತ್ತಾರೆ, ಮುಂದೊಂದು ದಿನ ಒಳ್ಳೆಯದಕ್ಕೇ ಹೇಳಿದ್ದರು ಎಂದೂ ಅನ್ನಬಹುದು. ಹೀಗೆ ತೂಗುತ್ತಿರುವ ತನ್ನನ್ನು ತಾನೇ ಹಿಡಿದಾಗ ಅವನಿಗೆ ಹೇಸಿಗೆಯಾಯಿತು. ಹೊರಗೆ ನೆಲದ ಬಣ್ಣ ಬದಲಾಗಿತ್ತು. ಕಾಲುವೆಯ ನೀರು ಹರಿಯುವ ಸೀಮೆ. ಮಡಿಗಳಲ್ಲಿ ಎಳೆಯ ನಾಟಿ ಒಂದೇ ಎತ್ತರಕ್ಕೆ ನಿಂತಿತ್ತು.

ಸಿಂಧನೂರಿನಲ್ಲಿ ಇಳಿದು, ಮುಕ್ಕುಂದದ ಕಡೆ ಹೋಗುವ ಟಂಟಂ ಆಟೊ ಹಿಡಿದು, ದಾರಿಯ ನಡುವೆ ಬರುವ, ಕಾಲುವೆಯ ಸಾಗುವಳಿಗೆ ಬಂದವರು ನೆಲೆನಿಂತ ಕ್ಯಾಂಪಿನ ಶಾಲೆಯ ಹತ್ತಿರ ಇಳಿದಾಗ ಹನ್ನೊಂದೂವರೆ. ಎಂಟು ತಿಂಗಳಲ್ಲಿ ಈ ಶಾಲೆಗೆ ಅವನು ಕಾಲಿಟ್ಟದ್ದು ಇದೇ ಮೊದಲು. ಮೊಬೈಲಿನಲ್ಲಿ ಕಂಡ ಗೋಡೆ ಇದಕ್ಕಿಂತ ದೊಡ್ಡದಿತ್ತು. ಅಡುಗೆಮನೆಯ ಮುಂದೆ ಬೇಳೆ ಆರಿಸುತ್ತ ಕುಳಿತಿದ್ದ ಹೆಂಗಸು, ಬಿಸಿಯೂಟದ ತಿಮ್ಮವ್ವ, ತಲೆಯೆತ್ತಿ ನೋಡಿ, “ಹೆಡ್‌ಮಾಸ್ತರ್ರು ಇಲ್ರಿ. ಸಿಂಧನೂರಿಗೆ ಮೀಟಿಂಗಿಗೆ ಹೋಗ್ಯಾರ. ಬಾನು ಟೀಚರ್ ಒಬ್ರೇ ಅದಾರ, ಕ್ಲಾಸು ನಡದೈತಿ” ಎಂದಳು. ಕುಳಿತುಕೊಳ್ಳಲು ಒಂದು ಮಣೆ ಸರಿಸಿದಳು. ಒಳಗಿನಿಂದ ಮಗ್ಗಿಯ ದನಿ ಬರುತ್ತಿತ್ತು, ಎಲ್ಲ ಮಕ್ಕಳದೂ ಕೂಡಿ, ಗಟ್ಟಿಯಾಗಿ, ಏರಿಳಿತವಿಲ್ಲದೆ.

“ಭಾಳ ಜೋರಾಗಿ ಹೇಳ್ತಾವಲ್ಲ” ಎಂದ, ಏನಾದರೂ ಅನ್ನಬೇಕಲ್ಲ ಎಂದು.

“ಈಗೀಗ ಹಂಗ್ರಿ. ಮೊದಲು ಆ ಟೀಚರ್ ಕ್ಲಾಸಂದ್ರ ಸಂತಿ ಇದ್ದಂಗ ಇರ್ತಿತ್ತು. ಹುಡುಗ್ರು ನಗೋದೇನು, ಆಕಿ ನಗೋದೇನು. ಆ ಕೂಸು ಹೋದ ಮ್ಯಾಲೆ ಟೀಚರ್ ಗಟ್ಟಿ ಆಗ್ಯಾಳ.” ತಿಮ್ಮವ್ವ ಮೊರವನ್ನು ಒಮ್ಮೆ ಕುಲುಕಿದಳು. “ಆವತ್ತು ಮುಂಜಾನೆ ಮಣ್ಣು ಕೊಟ್ಟು ಬಂದು, ಇಲ್ಲೇ, ಈ ನಳದಾಗ ಕೈಕಾಲು ತೊಳಕೊಂಡ್ಳು. ಮನಿಗೆ ಹೋಗವ್ವಾ ಅಂದೆ. ಇಲ್ಲ ತಿಮ್ಮವ್ವಾ, ಪಾಠ ಚಿತ್ರ ತಗದು ಕಳಸ್ಬೇಕು ಅಂದ್ಳು. ಯಾರೋ ಲಿಂಗಸುಗೂರಿನ ಸಾಹೇಬ ಅಂತ್ರಿ. ಸತ್ತಾರ ಅಂತ ಹೇಳಿದ್ರೂ ಬಿಡ್ಲಿಲ್ಲಂತ. ಅವನ ಹೊಟ್ಟಿಗೆ ಮಕ್ಳು ಹುಟ್ಟಿಲ್ಲೇನೋ.”

“ಹುಟ್ಟಿರಬೇಕು” ಎಂದ ಗುರುಬಸವ.

“ನಿಮಗ ಗೊತ್ತೇನ್ರಿ ಅವ್ರು? ನೀವು ಎಲ್ಲಿಂದ ಬಂದೀರಿ?”

“ನಾನು... ಆಫೀಸಿನಿಂದ. ಒಂದು ಕಾಗದ ಕೊಡೋದಿತ್ತು.”

ಅದು ಸುಳ್ಳಲ್ಲ ಎಂದು ಅವನ ಒಳಗಿನ ವಕೀಲ ತಟ್ಟನೆ ಹೇಳಿದ. ತಿಮ್ಮವ್ವ ಒಂದು ತಂಬಿಗೆ ನೀರು ತಂದುಕೊಟ್ಟಳು. ಕುಡಿದ. ಹೆಸರಿಲ್ಲದ ಮನುಷ್ಯನಿಗೆ ಸಿಕ್ಕ ನೀರು.

ಗಂಟೆ ಬಾರಿಸಿದ ಮೇಲೆ ಮೆಹರಬಾನು ಹೊರಗೆ ಬಂದಳು. ಮುದಗಲ್ಲಿನಲ್ಲಿ ಹಗ್ಗ, ಮಿಣಿ, ಬಾರುಕೋಲು ಮಾರುವ ಗೌಸ್‌ಸಾಬ್ ಎಂಬವರ ಮಗಳು ಎಂದಷ್ಟೇ ಅವನಿಗೆ ಅವಳ ಬಗ್ಗೆ ಗೊತ್ತಿದ್ದದ್ದು. ಮೊಬೈಲಿನಲ್ಲಲ್ಲದೆ ಅವಳನ್ನು ನೋಡುತ್ತಿರುವುದು ಇದೇ ಮೊದಲು. ಇಮ್ಮಡಿ ವೇಗಕ್ಕೆ ಒಗ್ಗಿದ ಕಣ್ಣಿಗೆ, ಎಷ್ಟು ನಿಧಾನವಾಗಿ ನಡೆಯುತ್ತಾಳೆ ಎಂದು ಆಶ್ಚರ್ಯವಾಯಿತು. ವಾಟ್ಸಪ್ಪಿನ ಚಿತ್ರದಿಂದ ಅವನನ್ನು ಗುರುತು ಹಿಡಿದದ್ದೇ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, “ಅಯ್ಯ, ಸರ್! ನೀವು ಬರ್ತೀರಂತ ಒಂದು ಮಾತು ಹೇಳ್ಬಾರದೇನ್ರಿ. ತಿಮ್ಮವ್ವಾ, ಇವ್ರೇ ನಮ್ಮ ಸರ್, ಲಿಂಗಸುಗೂರಿನವ್ರು” ಎಂದಳು. ತಿಮ್ಮವ್ವ ಮೊರವನ್ನು ಎತ್ತಿಕೊಂಡು, ಅವನ ಕಡೆ ನೋಡದೆ, ಖಾಲಿ ತಂಬಿಗೆಯನ್ನೂ ತೆಗೆದುಕೊಂಡು ಒಳಗೆ ಹೋದಳು.

ತರಗತಿಯಲ್ಲಿ ಅವಳು ತನ್ನ ಕುರ್ಚಿಯನ್ನು ಅವನಿಗೆ ಕೊಟ್ಟು ತಾನು ಕಿಟಕಿಯ ಕಟ್ಟೆಗೆ ಒರಗಿ ನಿಂತಳು. ಮಕ್ಕಳು ಬಯಲಿಗೆ ಹೋಗಿದ್ದರು. ಅವನು ಸಿದ್ಧಮಾಡಿಕೊಂಡು ಬಂದ ಮಾತಿಗೆ ಮೊದಲ ಶಬ್ದವನ್ನು ಹುಡುಕುವಷ್ಟರಲ್ಲಿ ಅವಳೇ ಶುರುಮಾಡಿದಳು.

“ಸರ್, ನನಗ ನಿಮ್ಮ ಮ್ಯಾಲೆ ಸಿಟ್ಟು ಬಂದಿತ್ತು. ಸುಳ್ಳು ಯಾಕ ಹೇಳ್ಲಿ. ನಾಲ್ಕು ದಿನ ಊಟ ಸೇರ್‍ಲಿಲ್ಲ. ಆಮ್ಯಾಲೆ ವಿಚಾರ ಮಾಡಿದೆ. ಇಷ್ಟು ವರ್ಷ ಕಲಿಸಿದವ್ರು, ಎಲ್ಲಾ ಕೇಳಿ, ಎಲ್ಲಾ ತಿಳಿದು ಹಿಂಗಂದಾರ ಅಂದ್ರ ಅದರಾಗ ಏನೋ ಇರ್ತೈತಿ. ಮಕ್ಕಳ ಮುಂದ ಟೀಚರ್ ಮುರೀಬಾರ್‍ದು ಅಂತ. ಆವತ್ತಿಂದ ನಾ ಅತ್ತಿಲ್ರಿ. ಹುಡುಗ್ರನ್ನೂ ಅಳಗೊಟ್ಟಿಲ್ಲ. ಆಕೀ ಹೆಸರು ತಗದ್ರ ಮಗ್ಗಿ ಹೇಳಸ್ತೀನಿ.”

ಅವನು ಇಲ್ಲ ಎನ್ನಲು ಬಾಯಿ ತೆರೆದ. ಅವಳು ಅಷ್ಟರಲ್ಲಿ ಮೇಜಿನ ಖಾನೆಯಿಂದ ಒಂದು ಉದ್ದನೆಯ ನೋಟುಬುಕ್ಕನ್ನು ತೆಗೆದು ಅವನ ಮುಂದಿಟ್ಟಳು. ಪ್ರತಿ ಪುಟದ ಮೇಲೂ ತಿಂಗಳ ಹೆಸರು. ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ ಅವನ ವಾಕ್ಯಗಳು, ಒಂದೊಂದೂ ಕೆಂಪು ಶಾಯಿಯಲ್ಲಿ. ಅದರ ಕೆಳಗೆ ನೀಲಿಯಲ್ಲಿ ಅವಳು ಅದಕ್ಕೆಂದು ಮಾಡಿದ್ದು. ‘ಧ್ವನಿಯಲ್ಲಿ ಏರಿಳಿತವಿರಲಿ’—ಇದು ಸೆಪ್ಟೆಂಬರ್. ಅದಕ್ಕಾಗಿ ಅವಳು ರಜೆಯಲ್ಲಿ ಊರಿಗೆ ಹೋದಾಗ, ಕಣ್ಣು ಕಾಣದ ಅಜ್ಜಿ ಸಕೀನಾಬೀಯನ್ನು ಎದುರು ಕೂಡಿಸಿಕೊಂಡು ಎಂಟು ದಿನ ಪಾಠ ಓದಿದ್ದಳು. ಅಜ್ಜಿಗೆ ಯಾವಾಗ ನಿದ್ದೆ ಬಂತು ಎಂಬುದನ್ನು ಸಮಯಸಹಿತ ಬರೆದಿಟ್ಟಿದ್ದಳು. ‘ಹಲಗೆಯ ಬಳಕೆ ಇನ್ನಷ್ಟು ಯೋಜಿತವಾಗಬಹುದು’. ‘ಪ್ರಶ್ನೆಯ ನಂತರ ಮಕ್ಕಳಿಗೆ ಸಮಯ ಕೊಡಿ’. ಗುರುಬಸವ ಪುಟ ತಿರುವುತ್ತ ಹೋದ. ಹದಿನಾಲ್ಕರಲ್ಲಿ ಹನ್ನೊಂದು ಅಲ್ಲಿದ್ದವು. ಬಸ್ಸಿನ ಕುಲುಕಾಟದಲ್ಲಿ, ತೂಕಡಿಕೆಯ ನಡುವೆ ಬೆರಳಿನಿಂದ ಜಾರಿದ ಮಾತುಗಳಿಗೆ ಇಲ್ಲಿ ಒಬ್ಬಳು ಮೈ ಕೊಟ್ಟಿದ್ದಳು, ಮನೆ ಕೊಟ್ಟಿದ್ದಳು.

“ಮೆಹರಬಾನು, ಇವನ್ನ ಮುಚ್ಚವ್ವಾ.”

“ಯಾಕ್ರಿ ಸರ್?”

“ನಾ ಕೇಳಿಲ್ಲ. ನೀ ಆವತ್ತು ಮುಂಜಾನೆ ಕಳಿಸಿದ ಮಾತು ನಾ ಮೊನ್ನೆ ಕೇಳೀನಿ. ನಾ ಬರದದ್ದು ನಿನ್ನ ಮಾತಿಗೆ ಉತ್ತರ ಅಲ್ಲ. ಪಾಠಾನೂ ಅಷ್ಟ. ದನಿ ಮುಚ್ಚಿ ನೋಡೀನಿ. ಓಡಿಸಿ ನೋಡೀನಿ. ಆ ಕೂಸು ಹೋದದ್ದು ನನಗ ಗೊತ್ತಿರಲಿಲ್ಲ.”

ಅವನು ಇಂಥ ಹೊತ್ತಿಗೆಂದು ಕಲ್ಪಿಸಿಕೊಂಡಿದ್ದ ಕಣ್ಣೀರು, ಸಿಟ್ಟು, ಯಾವುದೂ ಬರಲಿಲ್ಲ. ಅವಳ ಮುಖದಲ್ಲಿ ಕಂಡದ್ದು ಲೆಕ್ಕ ತಾಳೆಯಾಗದಾಗ ಮೇಲಿನಿಂದ ಮತ್ತೆ ನೋಡುವವರ ಗಮನ.

“ಹಂಗಾದ್ರ ಗೊತ್ತಿದ್ರ ನೀವು ಹಂಗ ಅಂತಿರಲಿಲ್ಲ.”

“ಇಲ್ಲವ್ವಾ.”

“ಅಳಬಾರ್‍ದು ಅಂತ ನೀವು ಹೇಳೇ ಇಲ್ಲ.”

“ಇಲ್ಲ.”

ಕಿಟಕಿಯ ಹೊರಗೆ ಮಕ್ಕಳು ಯಾವುದೋ ಆಟಕ್ಕೆ ಗುಂಪು ಮಾಡಿಕೊಳ್ಳುತ್ತ ಜಗಳಾಡುತ್ತಿದ್ದರು. ಅವಳು ಅವರನ್ನು ನೋಡುತ್ತ ನಿಂತಳು. ಹದಿನೈದು ದಿನ ತಾನು ಯಾರ ಯಾರ ಬಾಯಿ ಮುಚ್ಚಿಸಿದೆ ಎಂದು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದಾಳೆಂದು ಅವನಿಗೆ ಅನ್ನಿಸಿತು; ಅಥವಾ ಅವಳು ಏನನ್ನೂ ಎಣಿಸುತ್ತಿರಲಿಲ್ಲವೇನೋ. ಆಮೇಲೆ ಅವಳು ನೋಟುಬುಕ್ಕನ್ನು ತನ್ನ ಕಡೆ ಎಳೆದುಕೊಂಡು, ಎರಡನೆಯ ಪುಟವನ್ನು ತೆರೆದು, ಅದನ್ನು ಅವನಿಗೆ ಕಾಣದ ಹಾಗೆ ಎದೆಗೆ ಹಿಡಿದುಕೊಂಡು ಕೇಳಿದಳು:

“ಜುಲೈದು ಸರ್? ನನ್ನ ದನಿ ಮಕ್ಕಳಿಗೆ ಧೈರ್ಯ ಕೊಡ್ತದ ಅಂತ ಬರದಿದ್ರಿ. ಅಬ್ಬಾ ಅದನ್ನ ಅಂಗಡ್ಯಾಗ ಬಂದೋರಿಗೆಲ್ಲಾ ಓದಿ ಹೇಳ್ಯಾರ. ಹಗ್ಗ ತಗೊಳ್ಳಾಕ ಬಂದೋರು ಕೇಳಿಕೊಂಡು ಹೋಗ್ಯಾರ. ಅದನ್ನರ ಕೇಳಿ ಬರದಿದ್ರಿ, ಹೌದಲ್ರಿ?”

ಆ ವಾಕ್ಯ ಪಟ್ಟಿಯಲ್ಲಿ ಒಂಬತ್ತನೆಯದು. ಅದನ್ನು ಅವನು ಇನ್ನೂ ಮೂವರಿಗೆ ಕೊಟ್ಟಿದ್ದ. ಸತ್ಯ ಹೇಳಲೆಂದು ಹೊರಟು ಬಂದ ಮನುಷ್ಯ, ಸತ್ಯದ ರುಚಿ ಅದಾಗಲೇ ಸ್ವಲ್ಪ ಹತ್ತಿದ ಮನುಷ್ಯ, “ಅದನ್ನ ಕೇಳೀನವ್ವಾ” ಎಂದುಬಿಟ್ಟ. “ಅದೊಂದು ಪೂರಾ ಕೇಳೀನಿ.”

ಅವಳು ಅವನನ್ನು ನೋಡಿದಳು. ತಪ್ಪಿಸಿಕೊಳ್ಳಲು ಸುಳ್ಳು ಹೇಳಿದ ಮಗುವನ್ನು ನೋಡುವ ನೋಟ. ಅದರಲ್ಲಿ ಬೈಗುಳವಿರಲಿಲ್ಲ, ಅವಸರವಿರಲಿಲ್ಲ. ಕಾಯುತ್ತಿದ್ದಳು. ಎಷ್ಟು ಒಳ್ಳೆಯ ಶಿಕ್ಷಕಿ ಇವಳು ಎಂಬುದು ಅವನಿಗೆ ಆಗ ತಿಳಿಯಿತು, ಮೂವತ್ತೆರಡು ವರ್ಷದ ಅನುಭವದಿಂದಲ್ಲ, ಆ ನೋಟದ ಮುಂದೆ ಕೂರಬೇಕಾದವನ ಸಂಕಟದಿಂದ. ಅವನು ಮೇಜಿನ ಮೇಲಿನ ಗೀರೊಂದನ್ನು ನೋಡಿದ. ಚಪ್ಪಲಿ ನೋಡಿದ. ಅವಳು ಕಾಯುತ್ತಲೇ ಇದ್ದಳು.

“ಇಲ್ಲ” ಎಂದ ಕೊನೆಗೆ. “ಅದನ್ನೂ ಇಲ್ಲ.”

“ಹೂಂ” ಎಂದಳು.

ನೋಟುಬುಕ್ಕು ಖಾನೆಯೊಳಗೆ ಹೋಯಿತು. ಆಮೇಲೆ ಅವಳ ದನಿ ಬೇರೆಯಾಗಿತ್ತು, ಕೌಂಟರಿನ ಆಚೆಯವರೊಡನೆ ಮಾತಾಡುವ ಸಭ್ಯ ದನಿ. “ಮತ್ತ ಈಗ ಏನು ಮಾಡ್ಬೇಕ್ರಿ ಸರ್? ಏನೋ ಕಾಗದ ತಂದೀರಂತಲ್ಲ.” ತಿಮ್ಮವ್ವನಿಗೆ ಹೇಳಿದ್ದು ಮಗ್ಗಿಯ ನಡುವೆಯೂ ಕಿಟಕಿಯಿಂದ ಅವಳಿಗೆ ಕೇಳಿಸಿತ್ತು. ಗುರುಬಸವ ಚೀಲ ತೆರೆದು ಹಾಳೆಯನ್ನು ಕೊಟ್ಟ. ಕೊಡುತ್ತಲೇ ವಿವರಿಸತೊಡಗಿದ: ತಾನು ನೋಡಿಲ್ಲವೆಂದು ಬರೆದುಕೊಟ್ಟರೆ ಆರೂ ಮಂದಿಯದು ರದ್ದಾಗುತ್ತದೆಂದು, ಐದು ಮಂದಿಗೆ ಅನ್ಯಾಯವೆಂದು, ಬೇಡವೆಂದರೆ ಈಗಲೂ ಬರೆದುಕೊಡಲು ತಾನು ಸಿದ್ಧನೆಂದು. ಕೊನೆಯ ಮಾತನ್ನು ಅವನು ನಿಜವಾಗಿಯೂ ಅಂದುಕೊಂಡೇ ಹೇಳಿದ. ಅವಳು ಓದುತ್ತಿದ್ದಳು. ಮೂರೇ ಸಾಲಿನ ಕಾಗದವನ್ನು ಅಷ್ಟು ಹೊತ್ತು ಯಾರೂ ಓದುವುದಿಲ್ಲ.

“ಕಣ್ತಪ್ಪಿನಿಂದ ಅಂತ ಐತಿ” ಎಂದಳು.

“ಅದು ಬರಿ ಬರವಣಿಗಿ ಅವ್ವಾ.”

“ಪಾಠ ಆಗಿರುವುದಿಲ್ಲ ಅಂತ ಐತಿ. ಆವತ್ತು ಹುಡುಗ್ರು ಕಾಲು, ಅರ್ಧ, ಮುಕ್ಕಾಲು, ಪೂರಾ ಕಲಿತಾವ್ರಿ ಸರ್. ನಾ ತಿರುಗಿ ನಿಂತೆ ಅಂತ ಬರದಿದ್ರಲ್ಲ, ಅದಾದ ಮ್ಯಾಲೆ. ಒಂದು ರೊಟ್ಟಿ ತಂದು ಹರಿದು ಹರಿದು ತೋರಿಸೀನಿ. ಇವತ್ತಿಗೂ ಒಬ್ರೂ ಮರ್ತಿಲ್ಲ.”

ಇಮ್ಮಡಿ ವೇಗದಲ್ಲಿ ಅವನಿಗೆ ರೊಟ್ಟಿ ಕಂಡಿರಲಿಲ್ಲ. ಮೊನ್ನೆ ಧ್ವನಿ ಬಿಟ್ಟು ನೋಡಿದಾಗಲೂ, ಹಲಗೆಗೆ ತಿರುಗಿದ ಆ ಜಾಗದಿಂದ ಮುಂದೆ ನೋಡುವ ಧೈರ್ಯ ಬಂದಿರಲಿಲ್ಲ.

“ಅಳಿಸಿಬಿಡ್ತಾರೇನ್ರಿ ಅದನ್ನ?”

“ಅಳಿಸ್ತಾರ.”

ಅವಳು ಪೆನ್ನು ತೆಗೆದಳು. ಆ ಕ್ಷಣದಲ್ಲಿ ಅವನು ಹಾಳೆಯನ್ನು ಕಸಿದುಕೊಳ್ಳಬಹುದಿತ್ತು. ಅವನ ಕೈ ಮೇಜಿನ ಮೇಲೇ ಇತ್ತು, ಹಾಳೆಯಿಂದ ಒಂದು ಗೇಣು ದೂರದಲ್ಲಿ. ಕೈಗೆ ಕೈಯಷ್ಟೇ ತೂಕವಿದ್ದರೂ ಅದು ಏಳಲಿಲ್ಲ. ಒಂದು ವರ್ಷ ಅಂದ್ರ ಅಬ್ಬಾಗೆ ಏನು ಹೇಳ್ಲಿ ಎಂದು ಅವಳು ಗೊಣಗಿದಳೋ, ಅಥವಾ ಅದನ್ನೂ ಅವನೇ ಅಂದುಕೊಂಡನೋ. ಅವಳು ಸಹಿ ಮಾಡಿದಳು. ನೋಟುಬುಕ್ಕಿನ ಅದೇ ದುಂಡನೆಯ ಅಕ್ಷರ. ಕೆಳಗೆ ತಾರೀಖು ಹಾಕಿ, ಶಾಯಿ ಆರಲೆಂದು ಒಮ್ಮೆ ಊದಿ, ಎರಡೂ ಕೈಯಿಂದ ಹಿಡಿದು ಅವನಿಗೆ ಕೊಟ್ಟಳು.

“ಮುಂದಿನ ಪಾಠ ಯಾವತ್ತಿನೊಳಗ ಕಳಸ್ಬೇಕ್ರಿ ಸರ್?”

“ತಿಳಿಸ್ತೀನಿ” ಎಂದ ಅವನು. ಕ್ಷಮಿಸು ಎನ್ನಬೇಕಿತ್ತು, ಅದಕ್ಕೆಂದೇ ಮುಂಜಾನೆಯಿಂದ ನಾಲ್ಕು ತಾಸು ದಾರಿ ಸವೆಸಿ ಬಂದಿದ್ದ. ಅವನು ಹಾಳೆಯನ್ನು ಬೆಳಕಿಗೆ ಹಿಡಿದ. ಸಹಿಯನ್ನು ನೋಡಿದ, ತಾರೀಖನ್ನು ನೋಡಿದ, ಹೆಸರಿನ ಕಾಗುಣಿತವನ್ನು ನೋಡಿದ, ಮೂಲೆಯಲ್ಲಿ ಖಾಲಿ ಉಳಿದ ಜಾಗವನ್ನು ನೋಡಿದ. ಆಮೇಲೆ ತನ್ನದೇ ದನಿ, ಮೂವತ್ತೆರಡು ವರ್ಷ ಪಳಗಿದ ಸ್ಪಷ್ಟ ದನಿ, ಕೋಣೆಯಲ್ಲಿ ಹೀಗೆ ಹೇಳಿದ್ದು ಅವನಿಗೆ ಕೇಳಿಸಿತು:

“ಸಾಲೀದೊಂದು ಸೀಲ್ ಬೇಕಾಗ್ತದವ್ವಾ, ಇಲ್ಲಿ.”

ಮೆಹರಬಾನು ಬೀರುವಿನ ಬೀಗದ ಕೈ ಹುಡುಕಲು ಹೋದಳು.